ಸಾಲವೂ ಶೀಲವೂ

ಸರಕಾರಿ ನೌಕರಿಗೆ ಆಯ್ಕೆಯಾದ ತರುಣನ ಮನೆಗೆ ಒಂದು ದಿನ ಠಾಣೆಯಿಂದ ಪೋಲೀಸಿನವನೊಬ್ಬನು ಬರುತ್ತಾನೆ. ನೆರೆಯವರಿಬ್ಬರನ್ನು ಕರೆದು, ಈತನ ನಡತೆ ಎಂತಹುದು, ಮೇಲೆ ಮೊಕದ್ದಮೆಗಳೇನಾದರೂ ಉಂಟೇ, ಎಷ್ಟು ವರ್ಷಗಳಿಂದ ಇಲ್ಲಿ ವಾಸವೆಂದು ವಿಚಾರಿಸಿ ಬರೆದುಕೊಂಡು ಹೋಗುತ್ತಾನೆ. ವಾಡಿಯ ರೈಲ್ವೆ ವಸತಿಗಳಲ್ಲಿ, ಶಹಾಬಾದಿನ ಕಲ್ಲುಗಣಿ ಕೆಲಸಗಾರರ ಓಣಿಗಳಲ್ಲಿ, ಸೇಡಂ ಚಿತ್ತಾಪುರಗಳ ಹಳ್ಳಿಗಳಲ್ಲಿ, ಚಿಂಚೋಳಿಯ ತಾಂಡಾಗಳಲ್ಲಿ ಈ ನೋಟ ಅಪರೂಪದ್ದಲ್ಲ. ಮನೆಯಲ್ಲಿ ಅಂದು ಹಬ್ಬದ ಸಂಭ್ರಮವಿರುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಕೆಲವು ಮನೆಗಳಲ್ಲಿ ಆ ಸಂಭ್ರಮದೊಡನೆ ಒಂದು ಅಂಜಿಕೆಯೂ ಸೇರಿಕೊಂಡಿದೆ. ಅದು ಕಳವು ಮಾಡಿದವನ ಅಂಜಿಕೆಯಲ್ಲ, ಹೊಡೆದಾಡಿದವನ ಅಂಜಿಕೆಯೂ ಅಲ್ಲ. ಸಾಲ ತೀರಿಸಲಾರದವನ ಅಂಜಿಕೆ.

ಒಬ್ಬನ ಮನೆಯ ಸಾಲಕ್ಕೂ ಅವನ ವಿಶ್ವಾಸಾರ್ಹತೆಗೂ ಏನು ಸಂಬಂಧ, ಅದು ಅವನ ಸ್ವಂತ ವಿಷಯವಲ್ಲವೇ ಎಂದು ಕೇಳುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು. ರಾಜ್ಯದ ಬೊಕ್ಕಸವನ್ನೋ, ಶಸ್ತ್ರಾಗಾರದ ಕೀಲಿಕೈಯನ್ನೋ, ಗುಪ್ತ ಕಾಗದಪತ್ರಗಳನ್ನೋ ಒಬ್ಬನ ಕೈಗೆ ಒಪ್ಪಿಸುವ ಮುನ್ನ ಆ ಕೈಯನ್ನು ಬೇರೆ ಯಾರು ಹಿಡಿದಿದ್ದಾರೆಂದು ನೋಡುವುದು ಸರಕಾರದ ಕರ್ತವ್ಯ. ಇದು ಹೊಸ ವಿಚಾರವೇನೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದೂ, ಅರ್ಥದ ಪರೀಕ್ಷೆಯಲ್ಲಿ ಶುದ್ಧರಾಗಿ ನಿಂತವರಿಗೇ ಕಂದಾಯ ಬೊಕ್ಕಸಗಳ ಕಾರ್ಯವನ್ನು ವಹಿಸಬೇಕೆಂದೂ ವಿಧಿಸಿದೆ. ಶತ್ರುರಾಜನ ಮಾತಿಗೆ ಬಲಿಯಾಗಬಹುದಾದವರನ್ನು ಎಣಿಸುವಾಗ ಅದೇ ಗ್ರಂಥಕಾರನು ‘ಪರಿಕ್ಷೀಣ’ನನ್ನು, ಎಂದರೆ ಧನವೆಲ್ಲ ಕರಗಿಹೋದವನನ್ನು, ವ್ಯಸನಿಯ ಜೊತೆಗೇ ಸೇರಿಸಿದ್ದಾನೆ.

ಈ ಕಾಲದ ಅನುಭವವೂ ಇದಕ್ಕೆ ವಿರೋಧವಾಗಿಲ್ಲ. ಅಮೆರಿಕದ ಗುಪ್ತಚರ ಇಲಾಖೆಯ ಆಲ್ಡ್ರಿಚ್ ಏಮ್ಸ್ ಎಂಬ ಅಧಿಕಾರಿಯು 1985ರಲ್ಲಿ ಸೋವಿಯತ್ತಿನವರಿಗೆ ತನ್ನ ದೇಶದ ರಹಸ್ಯಗಳನ್ನು ಮಾರತೊಡಗಿ, 1994ರಲ್ಲಿ ಸಿಕ್ಕಿಬಿದ್ದಾಗ, ಮೊದಲು ತನ್ನನ್ನು ಆ ದಾರಿಗೆ ಹಚ್ಚಿದ್ದು ಸಾಲವೇ ಎಂದು ಒಪ್ಪಿಕೊಂಡನು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯವರು ನಮ್ಮ ಉತ್ತರ ಕನ್ನಡದಲ್ಲಿಯೇ ಬಂಧನಗಳನ್ನು ಮಾಡಿ, ಕಾರವಾರದ ನೌಕಾನೆಲೆಯ ಸಂಗತಿಗಳನ್ನು ಹಣಕ್ಕಾಗಿ ಹೊರಗಿನವರಿಗೆ ತಿಳಿಸಲಾಯಿತೆಂಬ ಆಪಾದನೆ ಹೊರಿಸಿದರು. ಆಪಾದನೆ ತೀರ್ಪಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ದೊಡ್ಡ ಹುದ್ದೆಯವರನ್ನೇ ಅಲ್ಲ, ಸಣ್ಣ ಕೆಲಸದವರನ್ನೂ ಹಣದ ಗಾಳ ಹುಡುಕಿಕೊಂಡು ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಸಾಲಗಾರನಿಗೆ ಸರಕಾರದ ಬಾಗಿಲನ್ನು ಮುಚ್ಚಿಬಿಡಬೇಕೇ? ವಿಚಾರ ಇಲ್ಲಿಯೇ ಸೂಕ್ಷ್ಮವಾಗುತ್ತದೆ. ನಮ್ಮ ಕಚೇರಿಗಳು ಎಡವುತ್ತಿರುವುದೂ ಇಲ್ಲಿಯೇ.

ಸಾಲದಲ್ಲಿ ಎರಡು ಬಗೆ. ಲೋಕಕ್ಕೆ ಗೊತ್ತಿರುವ ಸಾಲ ಒಂದು. ಮುಚ್ಚಿಟ್ಟ ಸಾಲ ಇನ್ನೊಂದು. ಮೊದಲನೆಯದರಲ್ಲಿ ಸಾಲ ಕೊಟ್ಟವನ ಕೈಯಲ್ಲಿರುವುದು ಒಂದು ಕಾಗದ ಮಾತ್ರ. ಎರಡನೆಯದರಲ್ಲಿ ಅವನ ಕೈಯಲ್ಲಿ ಮನುಷ್ಯನೇ ಇರುತ್ತಾನೆ. ‘ನಿನ್ನ ಸಾಹೇಬರಿಗೆ ಹೇಳಲೇ?’ ಎಂದು ಕೇಳಬಲ್ಲ ಸಾಹುಕಾರನು ಕಾಗದಪತ್ರದ ಒಂದು ನಕಲನ್ನೂ ಕೇಳಬಲ್ಲನು. ಆದುದರಿಂದ ಭದ್ರತೆಯ ದೃಷ್ಟಿಯಿಂದ ಭಯಪಡಬೇಕಾದದ್ದು ಸಾಲಕ್ಕಿಂತ ಹೆಚ್ಚಾಗಿ ಸಾಲದ ಗುಟ್ಟಿಗೆ. ಪರಿಶೀಲನೆಯು ಈ ಗುಟ್ಟನ್ನು ಬಿಡಿಸುವಂತಿರಬೇಕೇ ಹೊರತು ಅದನ್ನು ಇನ್ನಷ್ಟು ಆಳಕ್ಕೆ ಹೂಳುವಂತಿರಬಾರದು. ಸಾಲವೆಂದೊಡನೆ ನೌಕರಿ ಹೋಗುವುದೆಂದು ತಿಳಿದರೆ ಯಾವನು ತಾನೇ ಬಾಯಿಬಿಟ್ಟಾನು?

ಅಮೆರಿಕದವರು ತಮ್ಮ ನೌಕರರ ಭದ್ರತಾ ಪರಿಶೀಲನೆಗಾಗಿ 2017ರಿಂದ ಜಾರಿಗೆ ತಂದಿರುವ ನಿಯಮಾವಳಿಯಲ್ಲಿ ಹಣಕಾಸಿನ ಸ್ಥಿತಿಗೆಂದೇ ಒಂದು ಭಾಗವಿದೆ. ತೀರಿಸದ ಸಾಲವನ್ನು ಅದರಲ್ಲಿ ದೋಷವೆಂದು ಹೇಳಿದೆ, ನಿಜ. ಆದರೆ ಕೆಲಸ ಹೋದದ್ದು, ರೋಗ ಬಂದದ್ದು, ಮನೆಯಲ್ಲಿ ಸಾವಾದದ್ದು, ಬಡ್ಡಿಕೋರರ ಮೋಸಕ್ಕೆ ಸಿಕ್ಕಿದ್ದು ಇವೇ ಕಾರಣವಾಗಿದ್ದು, ಸಾಲಗಾರನು ಪ್ರಾಮಾಣಿಕವಾಗಿ ತೀರಿಸುವ ಏರ್ಪಾಡಿನಲ್ಲಿದ್ದರೆ ಆ ದೋಷವು ಹಗುರವಾಗುವುದೆಂದೂ ಅಲ್ಲಿಯೇ ಹೇಳಿದೆ. ಸಾಲವನ್ನಷ್ಟೇ ಅಲ್ಲದೆ, ಕಾರಣ ತಿಳಿಯದ ಸಿರಿಯನ್ನೂ ಆ ನಿಯಮವು ಸಂದೇಹದಿಂದ ಕಾಣುತ್ತದೆಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ಮೇಲೆ ಹೇಳಿದ ಏಮ್ಸ್ ಸಾಲದಲ್ಲಿದ್ದಾಗಲೂ ಯಾರೂ ಅವನನ್ನು ಕೇಳಲಿಲ್ಲ. ಸಾಲ ತೀರಿ, ರೊಕ್ಕ ಎಣಿಸಿ ದೊಡ್ಡ ಮನೆಯನ್ನು ಕೊಂಡಾಗಲೂ ಬಹುಕಾಲ ಕೇಳಲಿಲ್ಲ. ಸಾಲದಲ್ಲಿರುವ ಗುಮಾಸ್ತನ ಕಡೆಗೆ ಹುಬ್ಬೇರಿಸುವ ನಮ್ಮ ಕಚೇರಿಗಳು, ಅದೇ ಸಂಬಳದಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿದವನ ಗೃಹಪ್ರವೇಶದ ಊಟಕ್ಕೆ ಸಾಲಾಗಿ ಹೋಗಿ ಬರುವುದನ್ನು ವಾಚಕರೂ ಕಂಡಿರಬಹುದು.

ನಮ್ಮ ದೇಶದ ನಿಯಮ ಏನು ಹೇಳುತ್ತದೆ? ಕೇಂದ್ರ ಸರಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿ 17ನೆಯದು, ನೌಕರನು ತನ್ನ ಖಾಸಗಿ ವ್ಯವಹಾರಗಳನ್ನು ಸದಾ ಸಾಲಗಾರನಾಗದಂತೆ, ದಿವಾಳಿಯಾಗದಂತೆ ನಡೆಸಿಕೊಳ್ಳಬೇಕೆಂದು ವಿಧಿಸುತ್ತದೆ. ಸಾಲದ ವಸೂಲಿಗಾಗಿ ತನ್ನ ಮೇಲೆ ದಾವೆ ಹೂಡಲ್ಪಟ್ಟರೆ ತಡಮಾಡದೆ ಪೂರ್ಣ ಸಂಗತಿಯನ್ನು ಸರಕಾರಕ್ಕೆ ತಿಳಿಸಬೇಕೆಂದೂ ಹೇಳುತ್ತದೆ. ರೈಲ್ವೆ ನೌಕರರಿಗೂ, ನಮ್ಮ ರಾಜ್ಯದ ನೌಕರರಿಗೂ ಇದೇ ಅರ್ಥದ ನಿಯಮಗಳುಂಟು. ಇದಕ್ಕಿಂತ ಮುಂಚಿನ 16ನೆಯ ನಿಯಮವಂತೂ, ತನ್ನ ಅಧಿಕಾರದ ಎಲ್ಲೆಯಲ್ಲಿರುವವನಿಂದಾಗಲಿ, ತನ್ನ ಕಚೇರಿಯೊಡನೆ ವ್ಯವಹಾರವಿರುವವನಿಂದಾಗಲಿ ಸಾಲವೆತ್ತಿ ಅವನ ಹಂಗಿಗೆ ಒಳಗಾಗಕೂಡದೆಂದು ತಡೆಯುತ್ತದೆ. ತಾಲ್ಲೂಕಿನ ಅಧಿಕಾರಿಯು ಅದೇ ಊರಿನ ಅಡತಿ ಅಂಗಡಿಯಿಂದ ಕೈಗಡ ತಂದರೆ ಮರುದಿನ ಆ ಅಂಗಡಿಯವನ ಅರ್ಜಿಗೆ ಎಂತಹ ಷರಾ ಬರೆಯುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ 17ನೆಯ ನಿಯಮದ ಅಡಿಯಲ್ಲಿ ಒಂದು ಟಿಪ್ಪಣಿಯಿದೆ. ಮೂಲ ನಿಯಮಕ್ಕಿಂತಲೂ ಅದನ್ನು ಹೆಚ್ಚು ಬೆಲೆಯುಳ್ಳದ್ದೆಂದು ನಾವು ಎಣಿಸುತ್ತೇವೆ. ಸಾಲವು ಸಾಮಾನ್ಯ ಎಚ್ಚರಿಕೆಯಿಂದ ಮುಂಗಾಣಲಾಗದ, ಅಥವಾ ತನ್ನ ಹತೋಟಿಯಲ್ಲಿಲ್ಲದ ಕಾರಣಗಳಿಂದ ಉಂಟಾದದ್ದೇ ಹೊರತು ದುಂದುಗಾರಿಕೆಯಿಂದಲೂ ದುರ್ವ್ಯಸನದಿಂದಲೂ ಬಂದುದಲ್ಲವೆಂದು ತೋರಿಸುವ ಹೊಣೆ ನೌಕರನದೆಂದು ಅದು ಹೇಳುತ್ತದೆ. ಹೊಣೆ ಭಾರವಾದದ್ದೇ ಸರಿ. ಆದರೆ ಹೊಣೆಯೊಡನೆ ಅವಕಾಶವೂ ಇದೆ. ಸಾಲಗಾರನಿಗೆ ಮಾತನಾಡಲು ಬಾಯಿಯನ್ನು ಕೊಟ್ಟಿದೆ. ನೌಕರಿಯಲ್ಲಿ ಇರುವವನಿಗೆ ಕೊಟ್ಟ ಈ ಬಾಯಿ ನೌಕರಿಗೆ ಬರುತ್ತಿರುವವನಿಗೆ ಏಕಿಲ್ಲವೆಂಬುದೇ ನಮ್ಮ ಪ್ರಶ್ನೆ.

ಏಕೆಂದರೆ ಹೊಸಬನ ವಿಷಯದಲ್ಲಿ ಸಾಲವು ಸಾಲವೆಂಬ ಹೆಸರಿನಿಂದ ಬರುವುದೇ ಇಲ್ಲ. ಅವನು ತುಂಬಿಕೊಡುವ ದೃಢೀಕರಣ ಪತ್ರದಲ್ಲಿ ‘ನಿನಗೆ ಎಷ್ಟು ಸಾಲವಿದೆ’ ಎಂಬ ಪ್ರಶ್ನೆಯಿಲ್ಲ. ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ಯಾವುದಾದರೂ ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದೆಯೇ ಎಂಬ ಪ್ರಶ್ನೆಗಳುಂಟು. ಸಾಲವು ಆ ಬಾಗಿಲಿನಿಂದ ಒಳಗೆ ಬರುತ್ತದೆ, ಚೆಕ್ಕಿನ ರೂಪದಲ್ಲಿ. ಸಾಲ ಕೊಡುವಾಗಲೇ ಸಹಿ ಮಾಡಿದ ಖಾಲಿ ಚೆಕ್ಕನ್ನು ತೆಗೆದಿಟ್ಟುಕೊಳ್ಳುವುದು ಈಗ ಲೇವಾದೇವಿಯ ಸಾಮಾನ್ಯ ಪದ್ಧತಿಯಾಗಿದೆ. ಕಂತು ತಪ್ಪಿತೆಂದರೆ ಮೊತ್ತವನ್ನು ತುಂಬಿ ಬ್ಯಾಂಕಿಗೆ ಹಾಕುತ್ತಾರೆ, ಅದು ಹಿಂದಿರುಗುತ್ತದೆ, 1989ರ ಏಪ್ರಿಲಿನಿಂದ ಜಾರಿಯಲ್ಲಿರುವ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೆಯ ಕಲಮಿನ ಪ್ರಕಾರ ಸಾಲಗಾರನು ಆರೋಪಿಯಾಗುತ್ತಾನೆ. ಎರಡು ವರ್ಷಗಳವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಸಹಿ ಮಾಡಿದವನ ಹೊಣೆ ತಪ್ಪದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟ ಸ್ವಯಂಚಾಲಿತ ಕಂತು ಹಿಂದಿರುಗಿದರೂ ಇಂತಹುದೇ ಶಿಕ್ಷೆಯನ್ನು 2007ರ ಇನ್ನೊಂದು ಕಾನೂನಿನ 25ನೆಯ ಕಲಮು ವಿಧಿಸಿದೆ. ಬೆರಳಿನ ತುದಿಯಿಂದ ಸಾಲ ಪಡೆಯುವ ತರುಣರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಇದೇ 138ನೆಯ ಕಲಮಿನ ನಡವಳಿಯನ್ನು ಕುರಿತು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಇದು ಅಪರಾಧವೆಂಬ ತೋಳದ ವೇಷ ಹಾಕಿದ ದಿವಾಣಿ ವ್ಯಾಜ್ಯದ ಕುರಿ ಎಂಬರ್ಥದ ಮಾತನ್ನು ಆಡಿತು. ಅದೇ ವರ್ಷ ಆ ನ್ಯಾಯಾಲಯದ ಮುಂದೆ ಬಂದ ಲೆಕ್ಕದ ಮೇರೆಗೆ, 2019ರ ಕೊನೆಯಲ್ಲಿ ದೇಶದಲ್ಲಿ ಬಾಕಿಯಿದ್ದ 2 ಕೋಟಿ 31 ಲಕ್ಷ ಕ್ರಿಮಿನಲ್ ಪ್ರಕರಣಗಳಲ್ಲಿ 35 ಲಕ್ಷಕ್ಕೂ ಮೇಲ್ಪಟ್ಟು ಈ ಚೆಕ್ಕಿನವೇ ಆಗಿದ್ದವು. ಠಾಣೆಯ ವರದಿಯಲ್ಲಿ ಈ ಕುರಿಗೂ ನಿಜವಾದ ತೋಳಕ್ಕೂ ಭೇದವಿರುವುದಿಲ್ಲ. ‘ಪ್ರಕರಣ ಬಾಕಿ’ ಎಂಬ ಎರಡೇ ಶಬ್ದಗಳು. ಮನೆ ಸುಟ್ಟವನಿಗೂ ಅವೇ, ಅಕ್ಕನ ಮದುವೆಯ ಸಾಲಕ್ಕೆ ಸಹಿ ಹಾಕಿದವನಿಗೂ ಅವೇ. ಪಾಸ್‌ಪೋರ್ಟಿಗೂ ಇದೇ ಅಡ್ಡಿ. ಕ್ರಿಮಿನಲ್ ಪ್ರಕರಣ ಬಾಕಿಯಿದ್ದವನಿಗೆ 1967ರ ಕಾನೂನಿನಂತೆ ಪಾಸ್‌ಪೋರ್ಟನ್ನು ನಿರಾಕರಿಸಬಹುದಾದ್ದರಿಂದ, ಕೊಲ್ಲಿಯ ದೇಶಗಳಿಗೆ ದುಡಿಯಲು ಹೊರಟವನು ಮೊದಲು ನ್ಯಾಯಾಲಯದ ಅನುಮತಿಗಾಗಿ ಅಲೆಯಬೇಕು.

ನಮ್ಮ ಈ ಐದು ಊರುಗಳ ಸ್ಥಿತಿಯನ್ನು ಬಲ್ಲವರಿಗೆ ಇದು ಎಷ್ಟು ಘಾಸಿ ಮಾಡಬಹುದೆಂದು ಹೇಳಬೇಕಾಗಿಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಕ್ಕೆ ಮನುಷ್ಯನ ದುಡಿಮೆಯನ್ನೇ ಒತ್ತೆ ಹಿಡಿಯುತ್ತಿದ್ದ ‘ಭಗೇಲಾ’ ಕರಾರುಗಳು ಎಷ್ಟು ಬೇರೂರಿದ್ದುವೆಂದರೆ ನಿಜಾಮನ ಸರಕಾರವೇ 1936ರಲ್ಲಿ ಅವುಗಳನ್ನು ಅಂಕೆಯಲ್ಲಿಡಲು ಕಾನೂನು ಮಾಡಬೇಕಾಯಿತು. ಅಂದು ಸಾಲವು ಮೈಯನ್ನು ಹಿಡಿಯುತ್ತಿತ್ತು. ಇಂದು ಹೆಸರನ್ನು ಹಿಡಿಯುತ್ತಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಒಕ್ಕಲಿಗನ ಬದುಕು ತೊಗರಿಯ ಮೇಲೆ ನಿಂತಿದೆ. 2022ರಲ್ಲಿ ನೆಟೆ ರೋಗ ಬಂದು ಹೂ ಕಾಯಿಯ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದುವು. 2025ರಲ್ಲಿ ಮಳೆ ಹೊಳೆಗಳೆರಡೂ ಮುನಿದುವು. ಶಹಾಬಾದಿನಲ್ಲಿ 1920ರ ದಶಕದಿಂದ ಸಾವಿರಾರು ಮನೆಗಳಿಗೆ ಅನ್ನವಿಕ್ಕಿದ ಸಿಮೆಂಟಿನ ಕಾರಖಾನೆ ಮುಚ್ಚಿಹೋಗಿದೆ. ಚಿಂಚೋಳಿಯ ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಜನ ಗುಳೆ ಹೋಗುತ್ತಾರೆ. ಇಂತಹ ಮನೆಯ ವಿಳಾಸಕ್ಕೆ ಚೆಕ್ಕಿನ ನೋಟೀಸು ಬರುತ್ತದೆ. ನೋಟೀಸು ಕೈಸೇರಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಇಲ್ಲ. ಆದರೆ ಸರಿಯಾದ ವಿಳಾಸಕ್ಕೆ ಕಳುಹಿಸಿದ್ದು ಮುಟ್ಟಿತೆಂದೇ ಕಾನೂನು ಭಾವಿಸುತ್ತದೆ. ಬೀಗ ಹಾಕಿದ ಬಾಗಿಲಿಗೆ ಬಂದು ಹೋದ ಕಾಗದವು ಮುಂದೆ ವಾರಂಟಾಗಿ ತಿರುಗಿ ಬರುತ್ತದೆ. ಮಗನಿಗೆ ನೌಕರಿಯ ಕರೆ ಬಂದಾಗಲೇ ಮನೆಯವರಿಗೆ ಈ ಸಂಗತಿ ತಿಳಿಯುವುದು.

ಮೋಜು ಎಂಬುದೇ ಇಲ್ಲಿ ಇಲ್ಲವೆಂದು ನಾವು ಹೇಳುವುದಿಲ್ಲ. ಮೊಬೈಲಿನ ಜೂಜಿನಲ್ಲಿ ಸಂಬಳವನ್ನೆಲ್ಲ ಸುರಿದು, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತಿದವರು ನಮ್ಮಲ್ಲೂ ಇದ್ದಾರೆ. ಹಣದ ಆಟಗಳನ್ನು ನಿಷೇಧಿಸಿ ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ. ಇಂತಹವನ ಕೈಗೆ ಬೊಕ್ಕಸದ ಕೀಲಿಯನ್ನು ಕೊಡಬೇಕೆಂದು ಯಾರೂ ಕೇಳುವುದಿಲ್ಲ. ತೊಗರಿ ಒಣಗಿದವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದಷ್ಟೇ ನಮ್ಮ ವಾದ.

ಬ್ಯಾಂಕುಗಳ ನೌಕರಿಯಲ್ಲಿ ಈ ತಕ್ಕಡಿ ಇನ್ನೂ ಬಿಗಿಯಾಗಿದೆ. ಅಲ್ಲಿ ಪೋಲೀಸಿನವನ ಜೊತೆಗೆ ಸಾಲದ ಇತಿಹಾಸವನ್ನು ಅಂಕಿಯಲ್ಲಿ ಹೇಳುವ ಸಿಬಿಲ್ ಎಂಬ ಲೆಕ್ಕವೂ ಉಂಟು. ನಮ್ಮ ಕಡೆಯ ಜನರಿಗೆ 1941ರಿಂದ ಪರಿಚಿತವಾಗಿದ್ದ ಹೈದರಾಬಾದಿನ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಆ ಸ್ಟೇಟ್ ಬ್ಯಾಂಕು, ಸಾಲದ ಕಂತು ತಪ್ಪಿಸಿದ ದಾಖಲೆಯುಳ್ಳ ಅಭ್ಯರ್ಥಿಯೊಬ್ಬನ ನೇಮಕವನ್ನು ರದ್ದುಪಡಿಸಿದ್ದನ್ನು ಮದರಾಸಿನ ಉಚ್ಚ ನ್ಯಾಯಾಲಯವು 2025ರ ಜೂನಿನಲ್ಲಿ ಎತ್ತಿಹಿಡಿಯಿತು. ಸಾಲಗಳೆಲ್ಲ ಅರ್ಜಿಗೆ ಮುನ್ನವೇ ತೀರಿದ್ದುವೆಂದು ಆತನು ವಾದಿಸಿದನು. ಕೊನೆಗೆ ತೀರಿಸಿದರೆ ಸಾಲದು, ತೀರಿಸಿದ ರೀತಿಯೂ ನಿಷ್ಕಳಂಕವಾಗಿರಬೇಕು, ಸಾರ್ವಜನಿಕರ ಹಣವನ್ನು ಕಾಯುವವನಿಗೆ ಹಣದ ಶಿಸ್ತು ಅವಶ್ಯವೆಂದು ನ್ಯಾಯಾಲಯ ಹೇಳಿತು. ತೀರ್ಪನ್ನು ಗೌರವಿಸುತ್ತಲೇ, ಆ ನಿಯಮವನ್ನು ಮಾಡಿದವರಿಗೆ ಒಂದು ಮಾತು ಹೇಳಬಯಸುತ್ತೇವೆ. ತೀರಿಸಿದ ಸಾಲವೂ ತೀರದ ಸಾಲದಷ್ಟೇ ಕಳಂಕವೆಂದಾದರೆ ತೀರಿಸುವ ಉತ್ಸಾಹ ಎಲ್ಲಿ ಉಳಿಯಿತು? ಇತರ ಬ್ಯಾಂಕುಗಳ ಆಯ್ಕೆಯ ಪ್ರಕಟಣೆಗಳಲ್ಲಿ, ಸೇರುವ ದಿನದೊಳಗೆ ದಾಖಲೆಯನ್ನು ಸರಿಪಡಿಸಿಕೊಂಡಾಗಲಿ, ಬಾಕಿಯಿಲ್ಲವೆಂದು ಸಾಲ ಕೊಟ್ಟವರಿಂದ ಪತ್ರ ತಂದಾಗಲಿ ಒಪ್ಪಿಸಬಹುದೆಂಬ ಮಾತು ಬಂದಿದೆ. ಇದು ಮೇಲು. ತಂದೆಯ ಬೆಳೆಸಾಲಕ್ಕೆ ಜಾಮೀನು ನಿಂತ ಮಗನ ಹೆಸರಿಗೂ ಮಸಿ ಬಳಿಯುವ ಲೆಕ್ಕವನ್ನು ಕೇಳದೆ ನಂಬುವುದು ನ್ಯಾಯವಲ್ಲ.

ಈಗ ತರುಣರಿಗೆ ಎರಡು ಮಾತು. ಬಾಕಿಯಿರುವ ಪ್ರಕರಣವನ್ನು ದೃಢೀಕರಣ ಪತ್ರದಲ್ಲಿ ಬರೆಯದೆ ಬಿಡುವುದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ. 2016ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿ, ಅಭ್ಯರ್ಥಿಯು ಕೊಡುವ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಕೂಡದು ಎಂದು ಸ್ಪಷ್ಟಪಡಿಸಿತು. ಕ್ಷುಲ್ಲಕ ಪ್ರಕರಣಗಳಲ್ಲಿ ಮುಚ್ಚಿಟ್ಟ ತಪ್ಪನ್ನೂ ಮನ್ನಿಸಬಹುದೆಂದು ಹೇಳಿತಾದರೂ ಆ ವಿವೇಚನೆಯನ್ನು ನೌಕರಿ ಕೊಡುವವರ ಕೈಯಲ್ಲಿಯೇ ಇರಿಸಿತು. ಇದ್ದದ್ದನ್ನು ಬರೆದವನಿಗೆ ತನ್ನ ಕಾರಣ ಹೇಳಲು ದಾರಿಯಿದೆ. ಮುಚ್ಚಿಟ್ಟವನು ಆ ದಾರಿಯನ್ನು ತಾನೇ ಕಡಿದುಕೊಂಡಂತೆ. ಇನ್ನೊಂದು, ಅರ್ಜಿ ಹಾಕುವ ಮುನ್ನವೇ ತನ್ನ ಸಾಲದ ದಾಖಲೆಯನ್ನು ತರಿಸಿ ನೋಡಬೇಕು. ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ತಪ್ಪಿದ್ದು ದೂರು ಕೊಟ್ಟರೆ 30 ದಿನಗಳೊಳಗೆ ತಿದ್ದಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ತೆರಬೇಕು.

ಸರಕಾರದ ಕರ್ತವ್ಯ ಇದಕ್ಕಿಂತ ಹಿರಿದು. 371(ಜೆ) ಅನುಚ್ಛೇದವು ಈ ಸೀಮೆಯ ಮಕ್ಕಳಿಗೆ ಸ್ಥಳೀಯ ಹುದ್ದೆಗಳಲ್ಲಿ ನೂರಕ್ಕೆ 75ರಿಂದ 85ರವರೆಗೆ ಪಾಲನ್ನು ಕೊಟ್ಟಿದೆ. ದಶಕಗಳ ಹೋರಾಟದಿಂದ ಬಂದ ಆ ಪಾಲನ್ನು ಠಾಣೆಯ ವರದಿಯ ಎರಡು ಶಬ್ದಗಳಿಂದ ಕಳೆದುಕೊಳ್ಳುವಂತಾಗಬಾರದು. ಪರಿಶೀಲನೆಯ ವರದಿಯಲ್ಲಿ ಪ್ರಕರಣದ ಸಂಖ್ಯೆಯ ಜೊತೆಗೆ ಅದರ ಸ್ವರೂಪವನ್ನೂ, ಅದು ಸಾಲದ ಚೆಕ್ಕಿನದೇ ಎಂಬುದನ್ನೂ, ರಾಜಿಯ ಯತ್ನ ನಡೆದಿದೆಯೇ ಎಂಬುದನ್ನೂ ಬರೆಯುವಂತೆ ಪೋಲೀಸು ಇಲಾಖೆಗೆ ಸುತ್ತೋಲೆ ಹೊರಡಿಸುವುದಕ್ಕೆ ಬೊಕ್ಕಸದಿಂದ ಒಂದು ಕಾಸೂ ಖರ್ಚಾಗದು. ನೇಮಕಾಧಿಕಾರಿಗಳು 17ನೆಯ ನಿಯಮದ ಆ ಟಿಪ್ಪಣಿಯನ್ನು ಹೊಸಬರಿಗೂ ಅನ್ವಯಿಸಿ, ತಿರಸ್ಕರಿಸುವ ಮುನ್ನ ಒಂದು ಸಲ ಕರೆದು ಕೇಳಲಿ. ಸಾಲ ವಸೂಲಿಯ ಡಿಕ್ರಿಯಾದಾಗಲೂ ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಜಪ್ತಿ ಮಾಡದೆ ಬಿಡುವಷ್ಟು ಕರುಣೆ ನಮ್ಮ ದಿವಾಣಿ ಸಂಹಿತೆಗೆ ಇದೆ. ಸಂಬಳವೇ ಹುಟ್ಟದಂತೆ ಮಾಡಿದರೆ ಸಾಲ ಕೊಟ್ಟವನಿಗಾದರೂ ಏನು ದಕ್ಕೀತು?

ಕಿರುಸಾಲದವರ ಬಲಾತ್ಕಾರವನ್ನು ತಡೆಯಲು ರಾಜ್ಯವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ಬಳಿಕ ಅಧಿನಿಯಮವನ್ನೂ ತಂದಿತು. ನೋಂದಣಿಯಿಲ್ಲದ ಲೇವಾದೇವಿಗಾರರಿಂದ ದುರ್ಬಲರು ಪಡೆದ ಸಾಲ ತೀರಿತೆಂದೇ ಭಾವಿಸಬೇಕೆಂದು ಅದರಲ್ಲಿದೆ. ಅಂತಹ ಸಾಲದ ಖಾಲಿ ಚೆಕ್ಕುಗಳನ್ನು ಹಿಡಿದು ನ್ಯಾಯಾಲಯಕ್ಕೆ ಬರುವವರು ನೋಂದಾಯಿತರೇ ಎಂದು ನೋಡುವ ಕೆಲಸವನ್ನು ಕಲಬುರಗಿಯ ಜಿಲ್ಲಾಡಳಿತವು ಎಷ್ಟರಮಟ್ಟಿಗೆ ಮಾಡುತ್ತಿದೆಯೆಂಬುದನ್ನು ಪ್ರಕಟಿಸಲಿ. 138ನೆಯ ಕಲಮಿನ ಪ್ರಕರಣವು ರಾಜಿಯಾಗತಕ್ಕದ್ದು. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದಕ್ಕೆ ಅಪೀಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗಳು, ನೌಕರಿಗೆ ಆಯ್ಕೆಯಾಗಿ ಇಂತಹ ಪ್ರಕರಣದಿಂದ ತಡೆಹಿಡಿಯಲ್ಪಟ್ಟವರ ಪಟ್ಟಿಯನ್ನು ಬೇರೆಯಾಗಿ ತಯಾರಿಸಿ, ಮುಂದಿನ ಅದಾಲತಿನಲ್ಲಿ ಅವನ್ನು ಮೊದಲು ಕರೆಯಬೇಕು. ಗುಳೆ ಹೋದವರು ಊರಿಗೆ ಬರುವ ಹಬ್ಬದ ದಿನಗಳನ್ನು ನೋಡಿಕೊಂಡು ತಿಳಿವಳಿಕೆ ಪತ್ರಗಳನ್ನು ಕಳುಹಿಸಿದರೆ, ಬೀಗ ಹಾಕಿದ ಬಾಗಿಲಿಗೆ ಇನ್ನೊಂದು ಕಾಗದ ಬಂದು ಹೋಗುವುದು ತಪ್ಪುತ್ತದೆ.